ಹದಿಮೂರನೆಯ ಹೆಂಚು

ಸೋಮವಾರ ಬೆಳಗ್ಗೆ ಒಂಬತ್ತೂಕಾಲಿಗೆ ಮೆರಿಡಿಯನ್ ಬಾಹ್ಯಾಕಾಶ ನೌಕೆಯ ಎಡ ಹೆಗಲಿನಿಂದ ಮೂರು ಹೆಂಚುಗಳು ಕಳಚಿ ಕೈಗೆ ಬಂದವು. ಅದು ಅಲ್ಲೊಂದು ಇಲ್ಲೊಂದು ಹೆಂಚು ಆರಿಸಿ ಎಳೆದು ನೋಡುವ ಕಡೆಯ ಪರೀಕ್ಷೆ. ಹೆಂಚಿಗೆ ರಬ್ಬರಿನ ಬಟ್ಟಲು ಕಚ್ಚಿಸಿ ಜಗ್ಗಿದರೆ ಅದು ಮಿಸುಕಬಾರದು. ಇವು ಮಿಸುಕುವ ಮಾತಿರಲಿ, ಆರಿದ ಹಾಲಿನ ಕೆನೆಯ ಹಾಗೆ ಎದ್ದೇ ಬಂದವು. ನೌಕೆ ಸಿದ್ಧಪಡಿಸುವ ಷೆಡ್ಡಿನಲ್ಲಿ ಇನ್ನೂರು ಜನ ಇದ್ದೆವು.

ಹೆಂಚು ಎಂದರೆ ಅಂಗೈಯಗಲದ, ಬೆಂಡಿನಷ್ಟು ಹಗುರವಾದ ಕಪ್ಪು ಬಿಲ್ಲೆ. ನೌಕೆ ಆಕಾಶದಿಂದ ಇಳಿಯುವಾಗ ಮೈಗೆಲ್ಲ ಬೆಂಕಿ ಮುತ್ತಿಕೊಳ್ಳುತ್ತದೆ, ಆ ಬೆಂಕಿಯನ್ನು ತಡೆಯುವುದು ಇವೇ. ಕೆಟ್ಟ ಜಾಗದಲ್ಲಿ ಒಂದೇ ಒಂದು ಉದುರಿದರೂ ಸಾಕು, ಒಳಗಿರುವ ಏಳು ಜನ ಮನೆಗೆ ಬರುವುದಿಲ್ಲ. ಹಾಗಿರುವಾಗ ಮೂರು! ಅದೂ ನೌಕೆ ಷೆಡ್ಡು ಬಿಡುವುದಕ್ಕೆ ಹದಿನಾರೇ ದಿನ ಉಳಿದಿರುವಾಗ!

ನಾನು ಹೆಂಚಿನವಳಲ್ಲ, ಕೌದಿಯವಳು. ನೌಕೆಯ ಬೆನ್ನಿನ ಮೇಲೆ, ಕಾವು ಅಷ್ಟಾಗಿ ತಾಗದ ಕಡೆ, ಗಾಜಿನ ನೂಲಿನ ದಪ್ಪ ಕೌದಿ ಹೊದಿಸುತ್ತಾರೆ. ಅದನ್ನು ಹೊಲಿಯುವ ಹದಿನೆಂಟು ಹೆಂಗಸರಲ್ಲಿ ನಾನೊಬ್ಬಳು. ಹೆಸರು ಲವೋನ್. ನನಗೆ ಬಾಯಿ ಜಾಸ್ತಿ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ, ಹೇಳಿಕೊಳ್ಳಲಿ. ನನ್ನ ಮೇಜಿನ ಎದುರು ಬದಿಯಲ್ಲಿ ಹನ್ನೊಂದು ವರ್ಷದಿಂದ ಕೂತಿರುವವರು ಮಿಸ್ ಅಲ್ಮೆಡಾ ಕ್ರೂಸ್. ಅರವತ್ತೆರಡು ವಯಸ್ಸು, ಕಪ್ಪು ಮುಖ, ಬಿಳಿ ಕೂದಲು, ಚರ್ಚಿನ ಹಾಡಿನ ಗುಂಪಿನಲ್ಲಿ ಮೊದಲ ಸಾಲು. ಕ್ಯಾಂಟೀನಿನಿಂದ ಮಾಯವಾಗುತ್ತಿದ್ದ ಕೋಳಿತುಂಡುಗಳನ್ನು ಹಿಂದಿನ ಹಳ್ಳದ ಮೊಸಳೆಗೆ ಎಸೆಯುತ್ತಿದ್ದ ಎಂಜಿನಿಯರನನ್ನು ಹಿಡಿದದ್ದು ಇವರೇ, ಅದೂ ಕುರ್ಚಿ ಬಿಟ್ಟು ಏಳದೆ. ಅವರ ಕನ್ನಡಕ ಮೂಗಿನ ತುದಿಗೆ ಇಳಿಯಿತೆಂದರೆ ಷೆಡ್ಡಿನಲ್ಲಿ ಯಾರದೋ ಗುಟ್ಟು ರಟ್ಟಾಗುತ್ತದೆ ಎಂದೇ ಲೆಕ್ಕ.

ಹನ್ನೊಂದು ಗಂಟೆಗೆ ರೂಬೆನ್ ಎಸ್ಕಲಾಂಟೆ ನಮ್ಮ ಹೊಲಿಗೆ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಹೆಂಚು ಅಂಟಿಸುವವರಲ್ಲಿ ಅವನಷ್ಟು ಚೊಕ್ಕ ಕೈ ಇನ್ನೊಬ್ಬರಿಗಿಲ್ಲ. ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಗಾಬರಿಯಲ್ಲಿ ನಾನು ದಾರದ ತುದಿಯನ್ನು ಬಾಯಿಗೆ ಇಟ್ಟುಕೊಂಡೆ. ಮಿಸ್ ಅಲ್ಮೆಡಾ ನನ್ನ ಮಣಿಕಟ್ಟಿಗೆ ಫಟ್ಟೆಂದು ಒಂದು ಕೊಟ್ಟರು.

"ಎಷ್ಟು ಸಲ ಹೇಳ್ಬೇಕೇ ನಿಂಗೆ? ಎಂಜಲು ತಾಗಿದ್ರೆ ನೂಲು ಹಾಳು. ಅದನ್ನ ಕತ್ತರಿಸಿ ಬಿಸಾಕು." ಆಮೇಲೆ ಬಾಗಿಲ ಕಡೆ ತಿರುಗಿ, "ಬಾಪ್ಪಾ ರೂಬೆನ್, ಕೂತ್ಕೋ," ಎಂದರು.

"ಆ ಮೂರು ಹೆಂಚೂ ನಾನು ಅಂಟಿಸಿದ್ದು ಮಿಸ್ ಅಲ್ಮೆಡಾ," ಎಂದ ಅವನು ನಿಂತೇ. "ಬೇಕೂಂತ ಕೆಡಿಸಿದ್ದೀಯ ಅಂತಾನೆ ನಮ್ಮ ಮೇಲ್ವಿಚಾರಕ ಪೈಕ್. ಗುರುವಾರ ಹತ್ತು ಗಂಟೆಗೆ ಮೀಟಿಂಗು. ಅಲ್ಲೇ ನನ್ನ ಬ್ಯಾಡ್ಜು ಕಿತ್ಕೊಳ್ತಾರಂತೆ. ಹೋಗ್ಲಿ ಬಿಡಿ, ನನ್ನ ಬ್ಯಾಡ್ಜು ಯಾರಿಗೆ ಬೇಕು? ನಾಲ್ಕು ವರ್ಷದಲ್ಲಿ ನಾನು ಅಂಟಿಸಿದ್ದು ನಾನ್ನೂರ ಹನ್ನೆರಡು ಹೆಂಚು. ಅಷ್ಟನ್ನೂ ಕೀಳ್ತಾರಂತೆ! ಕಿತ್ತು ಮತ್ತೆ ಹಚ್ಚೋಕೆ ನಾಲ್ಕು ತಿಂಗಳು ಬೇಕು."

ನಾಲ್ಕು ತಿಂಗಳು ಎಂದರೆ ಏನೆಂದು ನಮಗೆ ಹೇಳಬೇಕಾಗಿರಲಿಲ್ಲ. ಮೆರಿಡಿಯನ್ನಿನ ಹೊಟ್ಟೆಯೊಳಗೆ ಗುರುಗ್ರಹಕ್ಕೆ ಹೊರಟ ಯಂತ್ರವೊಂದು ಕೂರಬೇಕಿತ್ತು. ಜೂನ್ ತಿಂಗಳಲ್ಲಿ ಹಾರಿದರೆ ಗ್ರಹ ಸಿಗುತ್ತದೆ, ತಪ್ಪಿದರೆ ಒಂದು ವರ್ಷದ ಮೇಲೆ ಕಾಯಬೇಕು. ಅಷ್ಟು ಹೊತ್ತಿಗೆ ಷೆಡ್ಡಿನ ಅರ್ಧ ಜನರನ್ನು ಮನೆಗೆ ಕಳಿಸಿರುತ್ತಾರೆ.

"ನೀನು ಏನಾದ್ರೂ ಬೇರೆ ಥರ ಮಾಡಿದ್ಯಾ?" ಎಂದು ಮಿಸ್ ಅಲ್ಮೆಡಾ ಕೇಳಿದರು.

"ದೇವರಾಣೆ ಇಲ್ಲ. ಎಂದಿನ ಹಾಗೇ ಮಾಡಿದ್ದು. ಹೇಳ್ಬೇಕು ಅಂದ್ರೆ, ಎರಡು ವಾರದ ಹಿಂದೆ ಇವನ್ನ ಅಂಟಿಸಿದ ವಾರ ಕೆಲಸ ಚೆನ್ನಾಗೇ ನಡೀತು. ಒಣಗೋಕೆ ಎಂಟು ಗಂಟೆ ಕಾಯ್ಬೇಕಾದ ಅಂಟು ಮೂರೇ ಗಂಟೆಗೆ ಹಿಡೀತಿತ್ತು. ಹಲ್ಲು ನೋವಿನ ಮಧ್ಯೆ ದೇವರು ಅಷ್ಟಾದ್ರೂ ಕಣ್ಣು ಬಿಟ್ಟ ಅಂದ್ಕೊಂಡೆ."

"ಹಲ್ಲಿನ ಸುದ್ದಿ ಎತ್ತಬೇಡ," ಎಂದೆ ನಾನು. ನನಗೆ ಅದರ ಮೇಲೆ ಇನ್ನೂ ಸಿಟ್ಟಿತ್ತು. ಆ ವಾರದ ಸೋಮವಾರ ಅವನು ಎರಡು ದವಡೆ ಹಲ್ಲು ಕೀಳಿಸಿಕೊಂಡಿದ್ದ. ಶನಿವಾರ ನಮ್ಮ ಷೆಡ್ಡಿನ ಪಿಕ್ನಿಕ್ಕು. ಕಲ್ಲಂಗಡಿ ಬೀಜ ಉಗಿಯುವ ಪಂದ್ಯದಲ್ಲಿ ಮೂರು ವರ್ಷದಿಂದ ಅವನದೇ ಗೆಲುವು. ಅವನನ್ನು ನಂಬಿ ನಾನು, ಅವನ ಜೊತೆ ಹೆಂಚು ಅಂಟಿಸುವ ಟ್ವೈಲಾ ನೆಸ್ಮಿತ್ ಹತ್ತಿರ ಒಲೆಯಲ್ಲಿ ಬೇಯಿಸುವ ಸಿಹಿ ತಿಂಡಿ ನಿಂಬೆ ಪೈ ಒಂದನ್ನು ಬಾಜಿ ಕಟ್ಟಿದ್ದೆ. ಈ ಪುಣ್ಯಾತ್ಮ ಕೆನ್ನೆ ಊದಿಸಿಕೊಂಡು ಮರದ ಕೆಳಗೆ ಕೂತುಬಿಟ್ಟ, ಡಾಕ್ಟರು ಒಂದು ವಾರ ಉಗಿಯಬೇಡ ಎಂದಿದ್ದಾರಂತೆ. ಪೈ ಹೋಯಿತು. ಟ್ವೈಲಾ ಅದನ್ನು ನನ್ನೆದುರಿಗೇ ಕೂತು ತಿಂದಳು.

ಮಿಸ್ ಅಲ್ಮೆಡಾ ನಗಲಿಲ್ಲ. ಅವರ ಕನ್ನಡಕ ಮೂಗಿನ ತುದಿಗೆ ಇಳಿದಿತ್ತು.

"ಲವೋನ್, ಕತ್ತರಿ ಕೆಳಗಿಡು. ಅಂಟಿನ ಕೋಣೆಗೆ ಹೋಗ್ಬರೋಣ."

ಅಂಟಿನ ಕೋಣೆಗೆ ಹೋಗಬೇಕಾದರೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಟೋಪಿ, ಮೂಗಿಗೆ ಮುಸುಕು. ಒಳಗೆ ಅಂಟು ಕಲಸುವವರು ವೆಂಡೆಲ್ ಟ್ರಾಕ್ಸ್‌ಲರ್. ಅರವತ್ನಾಲ್ಕು ವರ್ಷದ ಮುದುಕ, ಹೆಂಚಿನ ಕೆಲಸದ ಎಲ್ಲರಿಗೂ ಗುರು. ಸಣ್ಣವರು ದೊಡ್ಡವರು ಎಲ್ಲರೂ ಅವರನ್ನು ಕರೆಯುವುದು ಮಿಸ್ಟರ್ ವೆಂಡೆಲ್ ಎಂದೇ. ಇದು ಅವರ ಕಡೆಯ ನೌಕೆ. ಇದು ಹಾರುವ ದಿನ ಉಡಾವಣೆಯ ಕೋಣೆಯಲ್ಲಿ, ದೊಡ್ಡವರ ಸಾಲಿನಲ್ಲಿ, ಅವರಿಗೊಂದು ಕುರ್ಚಿ ಹಾಕಿಸುವುದೆಂದು ತೀರ್ಮಾನವಾಗಿತ್ತು. ಇಪ್ಪತ್ತೇಳು ವರ್ಷದ ದುಡಿಮೆಗೆ ಅವರು ಕೇಳಿದ್ದು ಅದೊಂದೇ.

"ನನ್ನ ಅಂಟಲ್ಲಿ ಐಬಿಲ್ಲಮ್ಮ," ಎಂದರು ಮಿಸ್ಟರ್ ವೆಂಡೆಲ್. ಧ್ವನಿ ಕುಗ್ಗಿತ್ತು. "ಆ ಹುಡುಗನ ಕೈಯಲ್ಲೂ ಐಬಿಲ್ಲ. ಅವನಿಗೆ ಕಲಿಸಿದ್ದೇ ನಾನು."

"ಅಂಟು ಯಾರ ಕೈಗೆಲ್ಲ ಹೋಗತ್ತೆ?"

"ನಾನು ಕಲಸಿ, ಹೆಸರು ಬರೆದ ಕಾಗದದ ಲೋಟಕ್ಕೆ ಹುಯ್ದು, ಈ ಕಟ್ಟೆ ಮೇಲೆ ಹತ್ತು ನಿಮಿಷ ಇಡ್ತೀನಿ. ಗುಳ್ಳೆ ಹೋಗ್ಲಿ ಅಂತ. ಆಮೇಲೆ ಅವರವರದು ಅವರವರು ಎತ್ಕೊಂಡು ಹೋಗ್ತಾರೆ. ಒಂದು ಹೆಂಚಿಗೆ ಒಂದು ಲೋಟ."

ಆ ಹತ್ತು ನಿಮಿಷದಲ್ಲಿ ಬಿಳಿ ಬಟ್ಟೆ ತೊಟ್ಟ ಯಾರು ಬೇಕಾದರೂ ಆ ಕಟ್ಟೆಯ ಬಳಿ ಸುಳಿಯಬಹುದಿತ್ತು ಎಂದು ನನಗೆ ಅನಿಸಿತು.

ಹೆಂಚು ಕೂರಿಸಿದ ಮೇಲೆ ಲೋಟದ ತಳದಲ್ಲಿ ಉಳಿದ ಅಂಟನ್ನು ಎಸೆಯುವಂತಿಲ್ಲ. ತಾರೀಖು ಬರೆದು, ಅವರವರ ತಟ್ಟೆಯಲ್ಲಿ, ನೌಕೆ ಹಾರುವವರೆಗೆ ಇಡಬೇಕು. ಮಿಸ್ ಅಲ್ಮೆಡಾ ರೂಬೆನ್ನನ ತಟ್ಟೆಯನ್ನು ಎಳೆದುಕೊಂಡು ಒಂದೊಂದೇ ಲೋಟವನ್ನು ಬೆಳಕಿಗೆ ಹಿಡಿದರು. ಇಟ್ಟಿಗೆ ಕೆಂಪಿನ ಅಂಟು ಗಟ್ಟಿಯಾಗಿ, ನಯವಾಗಿ ಕೂತಿತ್ತು. ಆ ವಾರದ್ದು ಬಂದಾಗ ಅವರ ಕೈ ನಿಂತಿತು. ಮಂಗಳವಾರದಿಂದ ಶುಕ್ರವಾರದವರೆಗೆ, ದಿನಕ್ಕೆ ಮೂರರಂತೆ ಹನ್ನೆರಡು ಲೋಟ. ಹನ್ನೆರಡರ ಮೇಲೂ ಸಣ್ಣ ಸಣ್ಣ ಗುಳ್ಳೆ, ದೋಸೆಯ ಮೈಯ ಹಾಗೆ.

ಅಷ್ಟರಲ್ಲಿ ಗಾಜಿನ ಗೋಡೆಯ ಆಚೆಯಿಂದ ಕೂಗು ಕೇಳಿಸಿತು. ಮೇಲ್ವಿಚಾರಕ ಗಾರ್ಲಂಡ್ ಪೈಕ್. ಅಂಟಿನ ಗಾಳಿ ಸೋಕಿದರೆ ಅವನ ಮೈಯೆಲ್ಲ ದದ್ದು ಏಳುತ್ತದೆ, ಅದಕ್ಕೇ ಒಳಗೆ ಕಾಲಿಡದೆ ಗಾಜಿನ ಆಚೆಯಿಂದಲೇ ಕಿರುಚುವುದು ಅವನ ರೂಢಿ.

"ಕೌದಿಯೋರಿಗೆ ಇಲ್ಲೇನ್ರೀ ಕೆಲಸ? ನೋಡೋದಾದ್ರೆ ಆ ಟ್ವೈಲಾ ತಟ್ಟೆನೂ ನೋಡಿ! ಅದರಲ್ಲಿ ಒಂದು ಲೋಟ ಇಲ್ಲ, ಬುಧವಾರದ್ದು!"

ಟ್ವೈಲಾ ಅಲ್ಲೇ ಮೂಲೆಯಲ್ಲಿ ಹೆಂಚು ಉಜ್ಜುತ್ತಿದ್ದಳು. ರೂಬೆನ್ ಹೋದರೆ ಅವನ ಜಾಗ ಸಿಗುವುದು ಅವಳಿಗೇ. ಅವಳ ಮುಖ ಕೆಂಪೇರಿತು.

"ಗುರುವಾರ ನನ್ನ ಮಗಳ ಪದವಿ ಸಮಾರಂಭ ಇತ್ತು, ರಜಾ ಹಾಕಿದ್ದೆ. ಬುಧವಾರನೂ ಒಂದು ಗಂಟೆ ಮುಂಚೆನೇ ಓಡ್ದೆ. ಆ ಗಡಿಬಿಡೀಲಿ ಲೋಟನ ಕಸದ ಬುಟ್ಟಿಗೆ ಹಾಕ್ಬಿಟ್ಟಿದ್ದೀನೋ ಏನೋ. ಅದಕ್ಕೆ ನನ್ನ ಕಳ್ಳಿ ಅಂತೀಯಾ?"

"ಆ ಹೆಂಚನ್ನ ಎಳೆದು ನೋಡಿದ್ರಾ?" ಎಂದರು ಮಿಸ್ ಅಲ್ಮೆಡಾ.

"ಮಾರನೇ ದಿನವೇ ಎಳೆದಿದ್ದಾರೆ. ಮಿಸುಕಲಿಲ್ಲ. ಬೇಕಾದ್ರೆ ಪರೀಕ್ಷೆ ಪುಸ್ತಕ ನೋಡಿ," ಎಂದಳು ಟ್ವೈಲಾ.

ಪುಸ್ತಕದಲ್ಲಿ ಹಾಗೇ ಇತ್ತು. ಮಿಸ್ ಅಲ್ಮೆಡಾ ಟ್ವೈಲಾಳ ತಟ್ಟೆಯನ್ನು ಅತ್ತ ಸರಿಸಿದರು. ಟ್ವೈಲಾಳೇ ಕಳ್ಳಿ ಎಂದು ನನ್ನ ಮನಸ್ಸು ಅಷ್ಟರಲ್ಲಿ ತೀರ್ಪು ಕೊಟ್ಟಾಗಿತ್ತು. ಪೈ ತಿಂದವಳ ಮೇಲೆ ನನಗೆ ಎಲ್ಲಿಯ ಕರುಣೆ?

ಹೊರಗೆ ಬಂದಾಗ ಮಿಸ್ ಅಲ್ಮೆಡಾ ಕೇಳಿದರು, "ಆ ವಾರದ ಸೋಮವಾರ ಇಲ್ಲಿ ಏನು ನಡೀತು, ನೆನಪಿದ್ಯಾ?"

"ನೆನಪಿರದೆ ಏನು? ಊರಿಗೆಲ್ಲ ಕೇಳೋ ಹಾಗೆ ಪೈಕ್ ರೂಬೆನ್‌ನ ಉಗಿದು ಉಪ್ಪಿನಕಾಯಿ ಹಾಕಿದ್ದು ಅವತ್ತೇ ಅಲ್ವಾ? 'ಆಮೆ ನನ್ಮಗನೇ, ಶುಕ್ರವಾರದೊಳಗೆ ಈ ಹೆಗಲು ಮುಗಿಸ್ಲಿಲ್ಲ ಅಂದ್ರೆ ನೌಕೆ ಮುಟ್ಟೋಕೆ ಬಿಡಲ್ಲ' ಅಂದ. ಷೆಡ್ಡಿಗೆ ಷೆಡ್ಡೇ ಕೇಳಿಸ್ಕೊಂಡ್ತು."

"ಮುಗಿಸಿದ್ನಾ?"

"ಶುಕ್ರವಾರ ಮಧ್ಯಾಹ್ನಕ್ಕೇ ಮುಗಿಸಿದ."

"ಹೂಂ," ಎಂದರು ಅಷ್ಟೇ. ಆಮೇಲೆ ಕೈಚೀಲದಿಂದ ಮೂರು ಕಾಗದದ ಲೋಟ ತೆಗೆದರು. ಮೂರರಲ್ಲೂ ಹಸಿ ಅಂಟು. ಯಾವಾಗ ಕೇಳಿ ತಂದರೋ, ನನಗೇ ಗೊತ್ತಾಗಿರಲಿಲ್ಲ. ಒಂದನ್ನು ಹಾಗೇ ಇಟ್ಟರು. ಒಂದಕ್ಕೆ ಎರಡು ತೊಟ್ಟು ನೀರು ಬಿಟ್ಟರು. ಮೂರನೆಯದನ್ನು ನನ್ನ ಬಾಯಿಯ ಮುಂದೆ ಹಿಡಿದರು.

"ಉಗಿ."

"ಏನು?"

"ಉಗಿಯೇ ಮಾರಾಯ್ತಿ. ಹನ್ನೊಂದು ವರ್ಷದಿಂದ ನಿನ್ನ ಬಾಯಿಂದ ಉಪಯೋಗ ಆಗಿಲ್ಲ, ಇವತ್ತು ಆಗ್ಲಿ."

ಉಗಿದೆ. ಅವಮಾನವಾದರೂ ಉಗಿದೆ. ಮೂರು ಲೋಟವೂ ಪರೀಕ್ಷೆಯ ಕೋಣೆಯ ಹುಡುಗಿಯ ಬಿಸಿ ಪೆಟ್ಟಿಗೆಗೆ ಹೋದವು. ಆ ಪೆಟ್ಟಿಗೆಯಲ್ಲಿ ಇಟ್ಟರೆ ಎರಡು ವಾರದಲ್ಲಿ ಆಗುವ ವಯಸ್ಸು ಎರಡು ದಿನಕ್ಕೇ ಆಗುತ್ತದಂತೆ.

ಮಂಗಳವಾರ ಸಂಜೆ ಕೆಲಸ ಬಿಟ್ಟ ಮೇಲೆ ನಾವಿಬ್ಬರೂ ಮಿಸ್ಟರ್ ವೆಂಡೆಲ್ ಮನೆಗೆ ಹೋದೆವು, ಕೈಯಲ್ಲೊಂದು ಪೈ ಹಿಡಿದುಕೊಂಡು. ಅವರ ಮನೆ ನದಿಯ ದಂಡೆಯಲ್ಲಿ. ಕಾರು ನಿಲ್ಲಿಸುವ ಸೂರಿನಡಿ ಒಂದು ಮರದ ದೋಣಿ ಬೋರಲು ಮಲಗಿತ್ತು. ನಿವೃತ್ತಿಯಾದ ಮೇಲೆ ಮೀನು ಹಿಡಿಯುವುದಕ್ಕೆ ತಾವೇ ಕಟ್ಟುತ್ತಿದ್ದ ದೋಣಿ. ಹಲಗೆಗಳ ಸಂದಿಗೆ ಅಂಟು ಮೆತ್ತುವ ಕೆಲಸ ನಡೆದಿತ್ತು.

"ನಮ್ಮಪ್ಪ, ಅವರಪ್ಪ, ಎಲ್ಲ ದೋಣಿ ಕಟ್ಟಿದೋರೇ," ಎಂದರು. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಸಂದಿಯ ಅಂಟಿನ ಮೇಲೆ ಉದ್ದಕ್ಕೂ ಸವರಿದರು. "ನಮ್ಮಪ್ಪನ ದೋಣಿ ಮೂವತ್ತು ವರ್ಷ ನೀರಲ್ಲಿತ್ತು ಲವೋನ್, ಒಂದು ಹನಿ ಸೋರಲಿಲ್ಲ."

"ರೂಬೆನ್ನಿಗೆ ಹೀಗಾಗ್ಬಾರದಿತ್ತು," ಎಂದೆ ನಾನು.

ಮುದುಕರ ಕಣ್ಣಲ್ಲಿ ನೀರು ಬಂತು. "ಆ ಪೈಕ್ ಅವನನ್ನ ಬೈತಿದ್ರೆ ನನ್ನ ಹೊಟ್ಟೇಲಿ ಕೆಂಡ ಇಟ್ಟ ಹಾಗಾಗ್ತಿತ್ತು. ನಿಧಾನವಾಗಿ, ಒಪ್ಪವಾಗಿ ಮಾಡು ಅಂತ ಕಲಿಸಿದ್ದು ನಾನು. ಬೈಗುಳ ತಿಂದಿದ್ದು ಅವನು."

ವಾಪಸು ಮನೆ ಹತ್ತಿರ ಬಂದಾಗ ಮಿಸ್ ಅಲ್ಮೆಡಾ, "ಕೆಲವು ಸಲ ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು ಅನ್ಸತ್ತೆ ಕಣೇ," ಎಂದರು.

ಗುರುವಾರ ಹತ್ತು ಗಂಟೆಗೆ ನೌಕೆಯ ಮೂಗಿನ ಕೆಳಗೇ ಎಲ್ಲರೂ ಸೇರಿದೆವು. ನೌಕೆಯ ಹೊಣೆ ಹೊತ್ತ ಮಿಸೆಸ್ ಹಾಲ್ವರ್ಸನ್ ಕಬ್ಬಿಣದ ಮೆಟ್ಟಿಲ ಮೇಲೆ ನಿಂತಿದ್ದರು. ಪೈಕ್ ಕೈಯಲ್ಲಿ ಕಾಗದ ಹಿಡಿದು ಸಿದ್ಧನಾಗಿದ್ದ. ರೂಬೆನ್ ತನ್ನ ಬ್ಯಾಡ್ಜನ್ನು ಆಗಲೇ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡಿದ್ದ. ಟ್ವೈಲಾ ಅವನಿಂದ ಸ್ವಲ್ಪ ದೂರ, ಮಿಸ್ಟರ್ ವೆಂಡೆಲ್ ಅವನ ಪಕ್ಕದಲ್ಲೇ.

"ಐದು ನಿಮಿಷ ಕೊಡಿ ತಾಯಿ," ಎಂದರು ಮಿಸ್ ಅಲ್ಮೆಡಾ. ಮಿಸೆಸ್ ಹಾಲ್ವರ್ಸನ್ ತಲೆಯಾಡಿಸಿದರು. ಮಿಸ್ ಅಲ್ಮೆಡಾ ಮೂರು ಲೋಟಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು.

"ಈ ಅಂಟು ಗಟ್ಟಿಯಾಗೋದು ಗಾಳಿಯ ತೇವ ಹೀರ್ಕೊಂಡು. ನಮ್ಮ ಷೆಡ್ಡಿನ ಗಾಳಿ ಒಣಗಾಳಿ, ಅದಕ್ಕೇ ಎಂಟು ಗಂಟೆ ಕಾಯ್ಬೇಕು. ಮೊದಲನೇ ಲೋಟಕ್ಕೆ ನಾನು ಏನೂ ಹಾಕ್ಲಿಲ್ಲ. ನೋಡಿ, ನಯವಾಗಿದೆ. ಎರಡನೇದಕ್ಕೆ ನೀರು ಹಾಕ್ದೆ. ಮೇಲೆ ಸುಕ್ಕು ಬಿದ್ದಿದೆ, ಗುಳ್ಳೆ ಇಲ್ಲ. ಮೂರನೇದಕ್ಕೆ ಲವೋನ್ ಉಗಿದ್ಲು. ಮೂರೇ ಗಂಟೆಗೆ ಕಲ್ಲಾಯ್ತು. ಮೇಲೆ ದೋಸೆ ಥರ ಗುಳ್ಳೆ. ರೂಬೆನ್ನನ ಹನ್ನೆರಡು ಲೋಟನೂ ಹೀಗೇ ಇದೆ. ಮೊದಲ ದಿನ ಎಳೆದ್ರೆ ಮಿಸುಕಲ್ಲ. ಎರಡು ವಾರ ಕಳೀಲಿ, ಹೀಗಾಗತ್ತೆ."

ಮೂರನೆಯ ಲೋಟದ ಅಂಟನ್ನು ಉಗುರಿನಿಂದ ಮೀಟಿದರು. ಅದು ಇಡಿಯಾಗಿ ಎದ್ದು ಬಂತು. ಇನ್ನೂರು ಜನರ ಕಣ್ಣೂ ನನ್ನ ಮೇಲೆ ತಿರುಗಿತು. ಜನ್ಮದಲ್ಲಿ ಅಷ್ಟು ನಾಚಿಕೆ ನನಗೆ ಆಗಿರಲಿಲ್ಲ.

"ಎಂಜಲು!" ಎಂದ ಪೈಕ್. "ಕೆಲಸ ಬೇಗ ಮುಗೀಲಿ ಅಂತ ಇವನೇ ಉಗಿದಿದ್ದಾನೆ. ನಾನು ಹೇಳ್ಲಿಲ್ವಾ?"

"ಅವನ ಬಾಯಲ್ಲಿ ಆ ವಾರ ಎರಡು ಹಸಿ ಗಾಯ ಇತ್ತು ಪೈಕ್. ಉಗಿದ್ರೆ ಗಾಯ ಬಿಚ್ಚತ್ತೆ ಅಂತ ಡಾಕ್ಟರು ಕಟ್ಟುನಿಟ್ಟು ಮಾಡಿದ್ರು. ಮೂರು ವರ್ಷ ಗೆದ್ದ ಪಂದ್ಯನೇ ಬಿಟ್ಟು ಮರದ ಕೆಳಗೆ ಕೂತಿದ್ದ. ಒಂದು ಬೀಜ ಉಗೀಲಾರದೋನು ನಾಲ್ಕು ದಿನ ಹನ್ನೆರಡು ಲೋಟಕ್ಕೆ ಉಗೀತಾನಾ? ಅಲ್ಲದೆ, ಅಂಟು ಬೇಗ ಹಿಡೀತು ಅಂತ ಅವನೇ ಬಂದು ನನ್ನ ಹತ್ರ ಹೇಳ್ದ. ಕಳ್ಳ ಆಗಿದ್ರೆ ಅದನ್ನ ಬಾಯಿ ಬಿಡ್ತಿದ್ನಾ?"

"ಹಾಗಾದ್ರೆ ಅವಳು," ಎಂದು ಪೈಕ್ ಟ್ವೈಲಾಳ ಕಡೆ ಕೈ ಮಾಡಿದ.

"ಟ್ವೈಲಾ ಗುರುವಾರ ಇರ್ಲೇ ಇಲ್ಲ, ಮಗಳ ಸಮಾರಂಭದಲ್ಲಿದ್ಲು. ಗುರುವಾರದ ಮೂರು ಲೋಟದಲ್ಲೂ ಗುಳ್ಳೆ ಇದೆ. ನೀನು, ಆ ಕೋಣೆಗೆ ಕಾಲಿಟ್ರೆ ಮೈ ಕೆರ್ಕೊಂಡು ಸಾಯ್ತೀಯ. ನಿನ್ನನ್ನೂ ಬಿಟ್ಟೆ. ಈಗ ಒಂದು ಮಾತು ಯೋಚನೆ ಮಾಡಿ. ರೂಬೆನ್‌ಗೆ ಆಗದೋರು ಅವನ ಅಂಟಿಗೆ ಏನು ಬೆರೆಸ್ತಾರೆ? ಹಿಡೀದೇ ಇರೋ ಹಾಗೆ ಏನಾದ್ರೂ. ಇದು ಬೇಗ ಹಿಡೀಲಿ ಅಂತ ಬೆರೆಸಿದ್ದು. ಸೋಮವಾರ ಅವನಿಗೆ ಬೈಗುಳ ಬಿತ್ತು, ಮಂಗಳವಾರದಿಂದ ಅಂಟು ಬೇಗ ಹಿಡೀತು, ಶುಕ್ರವಾರ ಅವನು ಗೆದ್ದ. ಇದು ದ್ವೇಷದ ಕೆಲಸ ಅಲ್ಲ ಕಣ್ರಪ್ಪಾ. ಅವನನ್ನ ಮಗನ ಹಾಗೆ ನೋಡ್ಕೊಳ್ಳೋರು ಮಾಡಿದ್ದು. ನಾನು ಮೂರು ದಿನ ಶತ್ರುನ ಹುಡುಕ್ಲಿಲ್ಲ, ಸ್ನೇಹಿತರನ್ನ ಹುಡುಕ್ದೆ. ಲವೋನ್‌ನೂ ಪಟ್ಟೀಲಿ ಇಟ್ಟಿದ್ದೆ."

"ನನ್ನನ್ನಾ?" ಎಂದೆ. ಯಾರೂ ನನ್ನ ಕಡೆ ನೋಡಲಿಲ್ಲ.

ಮಿಸ್ ಅಲ್ಮೆಡಾ ಕನ್ನಡಕ ತೆಗೆದು ಸೆರಗಿನಂಥ ತಮ್ಮ ಏಪ್ರನ್ನಿನ ಚುಂಗಿಗೆ ಒರೆಸಿದರು. ಅವರ ಧ್ವನಿ ಮೆತ್ತಗಾಯಿತು.

"ಹೆಸರು ನಾನು ಹೇಳಲ್ಲ. ಎಂಜಲು ಸವರಿದ್ರೆ ಬೇಗ ಹಿಡಿಯತ್ತೆ ಅಂತ ದೋಣಿ ಕಟ್ಟೋರ ಮನೇಲಿ ಕಲಿತ ಬುದ್ಧಿ ಅದು. ದೋಣಿಗೆ ಸರಿ, ಅದು ನೀರಲ್ಲಿ ಹೋಗತ್ತೆ. ಇದು ಬೆಂಕೀಲಿ ಬರೋದು. ನನ್ನ ಎಣಿಕೆ ಹನ್ನೆರಡು. ಅಂಟಿಸಿದ ನಾನ್ನೂರ ಹನ್ನೆರಡರಲ್ಲಿ ಕೀಳಬೇಕಾದ್ದು ಹನ್ನೆರಡೇ. ಹನ್ನೆರಡು ದಿನದ ಕೆಲಸ. ನೌಕೆ ಹೊತ್ತಿಗೆ ಸರಿಯಾಗಿ ಹೊರಡತ್ತೆ. ಆದ್ರೆ ಅದು ನನ್ನ ಕಣ್ಣಿಗೆ ಕಂಡಿದ್ದು ಮಾತ್ರ. ಕಾಣದೇ ಇದ್ದದ್ದು ಇದ್ದರೆ ಮಾಡಿದೋರಿಗೊಬ್ಬರಿಗೇ ಗೊತ್ತು. ಮೇಲೆ ಹೋಗೋರು ಏಳು ಜನ. ನನ್ನ ಎಣಿಕೆ ಸರೀನಾ ಅಂತ ಮಾಡಿದೋರೇ ಹೇಳ್ಬೇಕು."

ಸುಮ್ಮನಿದ್ದುಬಿಟ್ಟರೆ ಅವರಿಗೆ ಏನೂ ಆಗುತ್ತಿರಲಿಲ್ಲ. ಯಾರೂ ಕಂಡಿಲ್ಲ, ಸಾಕ್ಷಿಯಿಲ್ಲ, ಉಡಾವಣೆಯ ಕೋಣೆಯ ಕುರ್ಚಿಯೂ ಹಾಗೇ ಇರುತ್ತಿತ್ತು. ನಾನು ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ.

ಮಿಸ್ಟರ್ ವೆಂಡೆಲ್ ಟೋಪಿ ತೆಗೆದರು.

"ಹದಿಮೂರು, ಮಿಸ್ ಅಲ್ಮೆಡಾ."

ರೂಬೆನ್ ಗರಬಡಿದವನ ಹಾಗೆ ಅವರ ಕಡೆ ತಿರುಗಿದ.

"ಬುಧವಾರ ಟ್ವೈಲಾ ಮಗಳ ಬಟ್ಟೆ ಇಸ್ತ್ರಿ ಮಾಡ್ಬೇಕು, ಬೇಗ ಹೋಗ್ಬೇಕು ಅಂತ ಒದ್ದಾಡ್ತಿದ್ಲು. ಪಾಪ ಅನ್ನಿಸ್ತು. ಅವಳ ಒಂದು ಲೋಟಕ್ಕೂ ಹಾಕ್ದೆ. ಆ ಹೆಂಚು ಇರೋದು ಹೆಗಲಲ್ಲಿ ಅಲ್ಲ." ಅವರ ಬೆರಳು ಮೇಲೆ ಹೋಯಿತು, ನಮ್ಮೆಲ್ಲರ ತಲೆಯ ಮೇಲಿದ್ದ ನೌಕೆಯ ಮೂಗಿನ ಅಡಿಗೆ. "ಅಲ್ಲಿ. ಎರಡನೇ ಸಾಲು, ಎಡದಿಂದ ನಾಲ್ಕನೇದು. ನಮ್ಮಪ್ಪನ ದೋಣಿ ಬಿಚ್ಚಲಿಲ್ಲ ಅಂತ ಇದೂ ಬಿಚ್ಚಲ್ಲ ಅಂದ್ಕೊಂಡಿದ್ದೆ. ಈ ಲೋಟ ನೋಡೋವರೆಗೂ ಹಾಗೇ ನಂಬಿದ್ದೆ, ದೇವರಾಣೆ."

ಮೂಗಿನ ಅಡಿ! ಇಡೀ ನೌಕೆಯಲ್ಲಿ ಕಾವು ಅತ್ಯಂತ ಜೋರಾಗಿರುವ ಜಾಗ. ಪರೀಕ್ಷಕ ಏಣಿ ಹತ್ತಿ ಬಟ್ಟಲು ಕಚ್ಚಿಸಿ ಎಳೆದ. ಜಗ್ಗಬೇಕಾಗಲೇ ಇಲ್ಲ. ಹೆಂಚು ಸದ್ದಿಲ್ಲದೆ ಅವನ ಕೈಗೆ ಬಂದು ಕೂತಿತು.

"ಅದು ನನ್ನ ಎಣಿಕೇಲಿ ಇರ್ಲಿಲ್ಲ," ಎಂದರು ಮಿಸ್ ಅಲ್ಮೆಡಾ. "ಇಲ್ಲದ ಲೋಟನ ಕೈಯಾರೆ ಪಕ್ಕಕ್ಕೆ ಸರಿಸಿಬಿಟ್ಟೆ. ಇವರು ಬಾಯಿ ಬಿಡದೇ ಇದ್ದಿದ್ರೆ ಅದು ಹಾಗೇ ಹಾರ್ತಿತ್ತು."

ಮಿಸ್ಟರ್ ವೆಂಡೆಲ್ ಬ್ಯಾಡ್ಜು ಬಿಚ್ಚಿ ಮೂರು ಲೋಟಗಳ ಪಕ್ಕ ಇಟ್ಟರು. ರೂಬೆನ್ ಅವರ ತೋಳು ಹಿಡಿದುಕೊಂಡ. "ನಂಗೆ ಹೇಳ್ಬಾರದಿತ್ತಾ? ಬೈಸ್ಕೊಂಡು ಇರ್ತಿದ್ನಲ್ಲ, ಬೈಗುಳದಿಂದ ಯಾರು ಸತ್ತಿದ್ದಾರೆ?" ಎಂದ. ಅವನಿಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಪೈಕ್ ಕೈಯಲ್ಲಿದ್ದ ಕಾಗದವನ್ನು ಮಡಚುತ್ತಲೇ ಇದ್ದ.

"ಪೈಕ್," ಎಂದರು ಮಿಸ್ ಅಲ್ಮೆಡಾ, "ಎಂಟು ಗಂಟೆ ಕಾಯಿಸೋ ಅಂಟನ್ನ ಬೈದು ಬೇಗ ಒಣಗಿಸೋಕಾಗಲ್ಲಪ್ಪ. ಮನುಷ್ಯರನ್ನೂ ಅಷ್ಟೇ."

ಹದಿಮೂರು ಹೆಂಚನ್ನೂ ರೂಬೆನ್ ಕೈಯಾರೆ ಕಿತ್ತು, ಕೈಯಾರೆ ಹಚ್ಚಿದ. ಒಂದೊಂದಕ್ಕೂ ಎಂಟು ಗಂಟೆಯ ಬದಲು ಹದಿನಾರು ಗಂಟೆ ಕಾದ. ಟ್ವೈಲಾ ಪಕ್ಕದಲ್ಲಿ ದೀಪ ಹಿಡಿದು ನಿಂತಳು. ಪೈಕ್ ಗಾಜಿನ ಆಚೆ ಒಂದು ಕುರ್ಚಿ ಹಾಕಿಕೊಂಡು ಕೂತು, ಹನ್ನೆರಡು ದಿನವೂ ಬಾಯಿಗೆ ಬೀಗ ಹಾಕಿಕೊಂಡಿದ್ದ. ಅದು ನಮ್ಮ ಷೆಡ್ಡಿನ ಚರಿತ್ರೆಯಲ್ಲೇ ಮೊದಲು.

ಜೂನ್ ತಿಂಗಳ ಒಂದು ಬೆಳಗ್ಗೆ ಮೆರಿಡಿಯನ್ ಹಾರಿತು. ಉಡಾವಣೆಯ ಕೋಣೆಯಲ್ಲಿ ಒಂದು ಕುರ್ಚಿ ಖಾಲಿ ಉಳಿಯಿತು. ನಾನೂ ಮಿಸ್ ಅಲ್ಮೆಡಾರೂ ಆ ಹೊತ್ತಿಗೆ ನದಿಯ ನಡುವೆ, ಮಿಸ್ಟರ್ ವೆಂಡೆಲ್ ಅವರ ಹೊಸ ದೋಣಿಯಲ್ಲಿದ್ದೆವು. ಉಡಾವಣೆಯ ಕೋಣೆಯ ಕರೆಯೋಲೆ ಜೇಬಿನಲ್ಲಿದ್ದರೂ ರೂಬೆನ್ ದೋಣಿ ದಡ ಬಿಡುವ ಮೊದಲೇ ಅಲ್ಲಿಗೆ ಬಂದಿದ್ದ, ಕಂಕುಳಲ್ಲಿ ಒಂದು ಕಲ್ಲಂಗಡಿ ಇಟ್ಟುಕೊಂಡು.

"ಎಂಜಲಿನ ದೋಣಿ, ಸೋರಲ್ಲ ತಾನೇ?" ಎಂದು ಕೇಳಿದ ಹತ್ತುವ ಮುಂಚೆ.

"ಸೋರಿದ್ರೆ ನಿನ್ನ ಟೋಪೀಲಿ ಮೊಗೀತೀನಿ, ಹತ್ತೋ," ಎಂದರು ಮುದುಕರು. ಆ ದಿನದ ಮೇಲೆ ಅವರಿಬ್ಬರೂ ಮಾತಾಡಿದ್ದು ಅದೇ ಮೊದಲು.

ಬಿಳಿ ಹೊಗೆ ಎದ್ದಿತು. ಸದ್ದು ನೀರಿನ ಮೇಲೆ ಓಡಿ ಬಂದು ನಮ್ಮ ಎದೆಗೆ ಬಡಿಯಿತು. ಮಿಸ್ಟರ್ ವೆಂಡೆಲ್ ಟೋಪಿಯನ್ನು ಎದೆಗೆ ಒತ್ತಿಕೊಂಡು, ನೌಕೆ ಚುಕ್ಕಿಯಾಗಿ ಮಾಯವಾದ ಮೇಲೂ ಕತ್ತೆತ್ತಿ ನಿಂತೇ ಇದ್ದರು. ಹೋಗುವುದೇನೋ ಹೋಯಿತು. ಹೆಂಚಿಗೆ ಪರೀಕ್ಷೆ ಬರುವಾಗ ಎಂದು ಎಲ್ಲರಿಗೂ ಗೊತ್ತಿತ್ತು. ಕಲ್ಲಂಗಡಿಯನ್ನು ಅವತ್ತು ಯಾರೂ ಕೊಯ್ಯಲಿಲ್ಲ.

ಎಂಟು ದಿನವೂ ನನ್ನ ಸೂಜಿ ಬೆರಳಿಗೇ ಚುಚ್ಚಿತು. ಒಂಬತ್ತನೆಯ ದಿನ ಮಧ್ಯಾಹ್ನ ಮೆರಿಡಿಯನ್ ಬೆಂಕಿಯೊಳಗಿಂದ ಬಂದು, ನಮ್ಮ ಓಡುದಾರಿಯ ಮೇಲೆ ಹಂಸದ ಹಾಗೆ ಇಳಿಯಿತು. ಏಳು ಜನ ನಡೆದುಕೊಂಡು ಹೊರಗೆ ಬಂದರು. ನೌಕೆಯನ್ನು ಷೆಡ್ಡಿಗೆ ಎಳೆದು ತಂದ ಮೇಲೆ ರೂಬೆನ್ ಏಣಿ ಹಾಕಿ ಮೂಗಿನ ಅಡಿಗೆ ಹತ್ತಿದ. ಎರಡನೆಯ ಸಾಲು, ಎಡದಿಂದ ನಾಲ್ಕನೆಯದು. ಮಸಿ ಹಿಡಿದಿದ್ದ ಆ ಹೆಂಚಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿಕೊಂಡು ಒಂದು ನಿಮಿಷ ನಿಂತ. ಹೆಗಲಿನ ಹನ್ನೆರಡನ್ನೂ ಹಾಗೇ ಮುಟ್ಟಿ ನೋಡಿ, ಇಳಿದು ನೇರ ಗೋಡೆಯ ಫೋನಿಗೆ ಹೋದ. ನಾವೆಲ್ಲ ಸುತ್ತ ಮುತ್ತಿಕೊಂಡೆವು.

"ಮಿಸ್ಟರ್ ವೆಂಡೆಲ್," ಎಂದ. "ಹದಿಮೂರೂ ಹಿಡಿದಿವೆ."

ಆ ಕಡೆಯ ಮಾತು ಕೇಳಿ ರೂಬೆನ್ ನಕ್ಕ. ನಗುತ್ತ ನಗುತ್ತ ಅಂಗೈಯಿಂದ ಕಣ್ಣು ಒರೆಸಿಕೊಂಡ, ಮುಖಕ್ಕೆಲ್ಲ ನೌಕೆಯ ಮಸಿ ಹತ್ತಿತು.

"ಏನಂದ್ರೋ?" ಎಂದರು ಮಿಸ್ ಅಲ್ಮೆಡಾ.

"'ಅವಸರ ಪಡ್ಬೇಡ, ಇನ್ನೊಂದು ಸಲ ಎಳೆದು ನೋಡು' ಅಂದ್ರು. ಭಾನುವಾರ ಎಲ್ಲರೂ ದೋಣಿಗೆ ಬರ್ಬೇಕಂತೆ, ಕಲ್ಲಂಗಡಿ ಹಣ್ಣಾಗಿ ಕೂತಿದೆಯಂತೆ."

ನಾನು ಟ್ವೈಲಾಳ ಕಡೆ ತಿರುಗಿದೆ. "ಕೇಳ್ತೇನೇ? ಅವನ ಹಲ್ಲಿನ ಗಾಯ ಮಾಗಿದೆ. ನಿಂಬೆ ಪೈ ಮಾಡ್ಕೊಂಡು ಬಾ."